ಮಾಂಟೆನೆಗ್ರೊದಲ್ಲಿ ಆರು ರಾತ್ರಿ: ಗೆಳೆಯನ ಜೊತೆ ಸುತ್ತಿ ಬಂದ ಮೇಲೆ ಎಲ್ಲರೂ ಕೇಳಿದ ಪ್ರಶ್ನೆಗಳು

ನಾನು ತುಮಕೂರಿನವನು, ಈಗ ಜರ್ಮನಿಯಲ್ಲಿ ಕೆಲಸ. ಗೆಳೆಯ ತೀರ್ಥಹಳ್ಳಿ ಕಡೆಯವನು, ಬೆಂಗಳೂರಿನಿಂದ ಬಂದ. ಸೆಪ್ಟೆಂಬರಿನಲ್ಲಿ ಇಬ್ಬರೂ ಕ್ರೊಯೇಷಿಯಾದ ಡುಬ್ರೊವ್ನಿಕ್‌ನಲ್ಲಿ ಸೇರಿ ಬಸ್ಸಿನಲ್ಲಿ ಮಾಂಟೆನೆಗ್ರೊಗೆ ಹೋದೆವು. ಫೋಟೋ ನೋಡಿದವರೆಲ್ಲ ಒಂದೇ ಥರದ ಪ್ರಶ್ನೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಿ ಸಾಕಾಯಿತು, ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇನೆ.

ಈ ದೇಶ ಎಲ್ಲಿದೆ? ಎಷ್ಟು ದೊಡ್ಡದು?

ಇಟಲಿಯ ಎದುರು ದಡದಲ್ಲಿ, ಏಡ್ರಿಯಾಟಿಕ್ ಸಮುದ್ರದ ಪಕ್ಕ. ಸುತ್ತ ಕ್ರೊಯೇಷಿಯಾ, ಬೋಸ್ನಿಯಾ, ಸರ್ಬಿಯಾ, ಕೊಸೊವೊ, ಅಲ್ಬೇನಿಯಾ. ವಿಸ್ತೀರ್ಣ 13,800 ಚದರ ಕಿ.ಮೀ. ಆಸುಪಾಸು, ಅಂದರೆ ನಮ್ಮ ಬೆಳಗಾವಿ ಜಿಲ್ಲೆಗಿಂತ ಒಂಚೂರು ದೊಡ್ಡದು. ಬೆಳಗಾವಿ ಜಿಲ್ಲೆಯಲ್ಲಿ 2011ರಲ್ಲೇ 47 ಲಕ್ಷ ಜನ ಇದ್ದರು. ಈ ಇಡೀ ದೇಶದಲ್ಲಿ 2023ರ ಜನಗಣತಿ ಪ್ರಕಾರ ಇರುವುದು 6 ಲಕ್ಷ 23 ಸಾವಿರ.

ಯುಗೊಸ್ಲಾವಿಯಾ ಒಡೆದ ಮೇಲೂ ಸರ್ಬಿಯಾ ಜೊತೆಗೇ ಇತ್ತು. 2006ರ ಮೇ ತಿಂಗಳಲ್ಲಿ ಜನಮತ ತೆಗೆದುಕೊಂಡರು. ಬೇರೆಯಾಗಲು ಕನಿಷ್ಠ 55 ಶೇಕಡಾ ಮತ ಬೇಕಿತ್ತು, ಬಂದದ್ದು 55.5. ಕೂದಲೆಳೆ ಅಂತರ ಅಂದರೆ ಇದೇ ನೋಡಿ.

ಅಲ್ಲಿನವರು ತಮ್ಮ ದೇಶವನ್ನು 'ತ್ಸ್ರ್ನಾ ಗೊರಾ' ಎನ್ನುತ್ತಾರೆ. ಕರಿಬೆಟ್ಟ ಎಂದು ಅರ್ಥ. ಮಾಂಟೆನೆಗ್ರೊ ಎಂಬುದು ಅದೇ ಹೆಸರಿನ ವೆನಿಸ್ ರೂಪ. ನಮಗೆ ಬಿಳಿಗಿರಿ ಇದೆ, ಅವರಿಗೆ ಕರಿಗಿರಿ.

ವೀಸಾ ಬೇಕಾ?

ಭಾರತದ ಪಾಸ್‌ಪೋರ್ಟಿಗೆ ವೀಸಾ ಬೇಕು. ಆದರೆ ಚಾಲ್ತಿಯಲ್ಲಿರುವ ಷೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯೂರೋಪಿನ ದೇಶಗಳ ಗುಂಪು), ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದರೆ ಅದರ ಮೇಲೇ 30 ದಿನದವರೆಗೆ ಬಿಡುತ್ತಾರೆ. ನಾವು ಹೋದದ್ದು ಹಾಗೆಯೇ. ನಿಯಮ ಬದಲಾಗುತ್ತಿರುತ್ತದೆ, ಟಿಕೆಟ್ ಮಾಡುವ ಮುಂಚೆ ಅವರ ಸರ್ಕಾರದ ಪುಟ ಒಮ್ಮೆ ನೋಡಿಕೊಳ್ಳಿ.

ಜನ ಎಡವುವುದು ಇನ್ನೊಂದು ಕಡೆ. ಮಾಂಟೆನೆಗ್ರೊ ಷೆಂಗೆನ್ ಒಳಗಿಲ್ಲ. ಕ್ರೊಯೇಷಿಯಾ 2023ರ ಜನವರಿಯಿಂದ ಒಳಗಿದೆ. ಹಾಗಾಗಿ ಡುಬ್ರೊವ್ನಿಕ್ ನೋಡಿಕೊಂಡು ಮಾಂಟೆನೆಗ್ರೊ ಕರಾವಳಿಯ ಕೋಟರ್‌ಗೆ ಹೊರಟರೆ ನೀವು ಷೆಂಗೆನ್ ಬಿಟ್ಟು ಹೊರಗೆ ಹೋದ ಹಾಗೆ. ನಿಮ್ಮದು ಒಂದೇ ಸಲ ಪ್ರವೇಶದ ವೀಸಾ ಆಗಿದ್ದರೆ ವಾಪಸ್ ಕಾಲಿಡಲು ಆಗಲ್ಲ. ಮಲ್ಟಿಪಲ್ ಎಂಟ್ರಿ ಇರಲೇಬೇಕು. ಗೆಳೆಯನ ವೀಸಾದ ಮೇಲೆ ಆ ಒಂದು ಪದವನ್ನು ಹುಡುಕುವವರೆಗೆ ನನಗೆ ನಿದ್ದೆ ಬಂದಿರಲಿಲ್ಲ.

ಯಾವ ತಿಂಗಳು ಒಳ್ಳೆಯದು?

ಮೇ, ಜೂನ್, ಸೆಪ್ಟೆಂಬರ್. ಜುಲೈ-ಆಗಸ್ಟ್‌ನಲ್ಲಿ ಕರಾವಳಿಯಲ್ಲಿ ಕಾಲಿಡಲು ಜಾಗ ಇರಲ್ಲ, ಗಡಿಯಲ್ಲಿ ಗಂಟೆಗಟ್ಟಲೆ ಸಾಲು.

ಆರು ರಾತ್ರಿ ಹೇಗೆ ಹಂಚಿಕೊಂಡಿರಿ?

ಕೋಟರ್‌ನಲ್ಲಿ ಮೂರು, ಬೆಟ್ಟದ ಮೇಲಿನ ಝಾಬ್ಲ್ಯಾಕ್‌ನಲ್ಲಿ ಎರಡು, ರಾಜಧಾನಿ ಪೊಡ್ಗೊರಿಟ್ಸಾದಲ್ಲಿ ಒಂದು. ಮೊದಲು ಗೆಳೆಯ ಒಂದು ಪಟ್ಟಿ ಮಾಡಿಕೊಂಡು ಬಂದಿದ್ದ: ಆರು ದಿನಕ್ಕೆ ಹದಿನಾಲ್ಕು ಊರು. ನಕ್ಷೆಯಲ್ಲಿ ಎಲ್ಲವೂ ಪಕ್ಕಪಕ್ಕ ಕಾಣುತ್ತದೆ, ನಿಜ. ಆದರೆ ದಾರಿಯೆಲ್ಲ ಬೆಟ್ಟ. ನೂರು ಕಿ.ಮೀ. ಅಂದರೆ ಎರಡು ಗಂಟೆ, ಕೆಲವು ಕಡೆ ಮೂರು. ಪಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿದೆವು. ನೀವೂ ಹೊಡೆದುಹಾಕಿ.

ಕೋಟರ್‌ನ ಕೋಟೆ ಹತ್ತುವುದು ಕಷ್ಟವಾ?

ಸುಮಾರು 1,350 ಮೆಟ್ಟಿಲು. ಮೇಲಿನ ಕೋಟೆ ಸಮುದ್ರ ಮಟ್ಟದಿಂದ 260 ಮೀಟರ್ ಎತ್ತರದಲ್ಲಿದೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿದ ಅಭ್ಯಾಸ ಇರುವವರಿಗೆ ಲೆಕ್ಕಕ್ಕಿಲ್ಲ. ಆದರೆ ಇಲ್ಲಿ ನೆರಳಿಲ್ಲ, ಕಲ್ಲು ಸವೆದು ಜಾರುತ್ತದೆ. ಬೆಳಿಗ್ಗೆ ಏಳಕ್ಕೇ ಹೊರಡಿ. ಹತ್ತು ಗಂಟೆಗೆ ಪ್ರವಾಸಿ ಹಡಗುಗಳು ಬಂದು ನಿಲ್ಲುತ್ತವೆ, ಊರಿನ ಓಣಿಗಳಲ್ಲಿ ಜಾತ್ರೆ ಶುರುವಾಗುತ್ತದೆ.

ಊರು 1420ರಿಂದ 1797ರವರೆಗೆ ವೆನಿಸ್‌ನವರ ಕೈಯಲ್ಲಿತ್ತು. ಸುತ್ತಲಿನ ಗೋಡೆ ನಾಲ್ಕೂವರೆ ಕಿ.ಮೀ. ಉದ್ದ, ಊರಿನ ಹಿಂದೆ ಬಂಡೆಯ ಮೇಲೆ ಹಾವಿನ ಹಾಗೆ ಹತ್ತಿಹೋಗುತ್ತದೆ. 1979ರ ಏಪ್ರಿಲ್ 15ರಂದು ದೊಡ್ಡ ಭೂಕಂಪ ಆಗಿ ಊರಿಗೆ ತುಂಬಾ ಪೆಟ್ಟು ಬಿತ್ತು. ಅದೇ ವರ್ಷ ಯುನೆಸ್ಕೊ ಪಟ್ಟಿಗೂ ಸೇರಿತು. ಸಮುದ್ರದ ಕಡೆಯ ಬಾಗಿಲಿನ ಮೇಲೆ ಯುಗೊಸ್ಲಾವಿಯಾದ ನಾಯಕ ಟಿಟೊ ಕಾಲದ ಒಂದು ಬರಹ ಇದೆ: ಬೇರೆಯವರದ್ದು ನಮಗೆ ಬೇಡ, ನಮ್ಮದನ್ನು ಕೊಡಲ್ಲ. ಗೆಳೆಯ ನಿಂತು ಓದಿಸಿಕೊಂಡ. "ಮಾರಾಯ, ಇದನ್ನ ನಮ್ಮ ಆಸ್ತಿ ಭಾಗದ ದಿನ ಹಾಲ್‌ನಲ್ಲಿ ಹಾಕ್ಬೇಕಿತ್ತು" ಎಂದ.

ಬೆಕ್ಕುಗಳ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಹೌದು, ಎಲ್ಲ ಮೆಟ್ಟಿಲ ಮೇಲೂ ಒಂದೊಂದು ಇದೆ. ಅವಕ್ಕೊಂದು ಮ್ಯೂಸಿಯಂ ಕೂಡ ಇದೆ. ನಾವು ಹೋಗಲಿಲ್ಲ.

ಕೋಟರ್ ಕೊಲ್ಲಿಯನ್ನು ಫಿಯರ್ಡ್ ಎಂದು ಎಲ್ಲ ಕಡೆ ಬರೆಯುತ್ತಾರೆ. ಫಿಯರ್ಡ್ ಅಂದರೆ ಹಿಮನದಿ ಕೊರೆದದ್ದು. ಇದು ಹಾಗಲ್ಲ, ಹಳೆಯ ನದಿಯ ಕಣಿವೆಗೆ ಸಮುದ್ರ ನುಗ್ಗಿ ಆದದ್ದು. ಶರಾವತಿ ಹಿನ್ನೀರು ನೋಡಿದ ಗೆಳೆಯನಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಇದು ಮುಳುಗಡೆ ಕಣಿವೆ" ಎಂದು ಬಸ್ಸಿನಲ್ಲೇ ತೀರ್ಪು ಕೊಟ್ಟಿದ್ದ.

ಪೆರಾಸ್ಟ್ ಹತ್ತಿರದ ದ್ವೀಪ ಫೋಟೋಗೆ ಮಾತ್ರ ಚೆನ್ನಾಗಿದೆಯಾ, ಒಳಗೂ ಏನಾದರೂ ಇದೆಯಾ?

ಒಳಗಿರುವುದೇ ನೋಡಬೇಕಾದದ್ದು. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಇದಕ್ಕೇ ಮೊದಲ ಸ್ಥಾನ.

ಪೆರಾಸ್ಟ್ ಕೋಟರ್ ಕೊಲ್ಲಿಯ ದಡದ ಊರು, ಅದರ ಎದುರು ಎರಡು ಪುಟ್ಟ ದ್ವೀಪ ಇವೆ. ಒಂದು ತಾನಾಗಿ ಇರುವುದು, ಅಲ್ಲಿ ಹಳೆಯ ಮಠ, ಸೈಪ್ರಸ್ ಮರ. ಇನ್ನೊಂದನ್ನು ಮನುಷ್ಯರು ಕಟ್ಟಿದ್ದು. ಇದಕ್ಕೆ 'ಬಂಡೆಗಳ ಮಾತೆ'ಯ ದ್ವೀಪ ಎಂದು ಹೆಸರು. 1452ರ ಜುಲೈ 22ರಂದು ನಾವಿಕರಿಬ್ಬರಿಗೆ ಅಲ್ಲಿನ ಬಂಡೆಯ ಮೇಲೆ ಮೇರಿಯ ಚಿತ್ರ ಸಿಕ್ಕಿತು ಎಂಬುದು ಕತೆ. ಆಮೇಲೆ ಸಮುದ್ರದಿಂದ ಸುಖವಾಗಿ ಬಂದವರೆಲ್ಲ ಅಲ್ಲೊಂದು ಕಲ್ಲು ಹಾಕಿದರು, ಹಳೆಯ ಹಡಗುಗಳಿಗೆ ಕಲ್ಲು ತುಂಬಿ ಮುಳುಗಿಸಿದರು. ಹಾಗೆ ದ್ವೀಪ ಎದ್ದಿತು. ಈಗಲೂ ಪ್ರತಿ ವರ್ಷ ಜುಲೈ 22ರ ಸಂಜೆ ದೋಣಿಗಳನ್ನು ಒಂದಕ್ಕೊಂದು ಕಟ್ಟಿಕೊಂಡು ಸಾಲಾಗಿ ಹೋಗಿ ಕಲ್ಲು ಹಾಕಿ ಬರುತ್ತಾರೆ.

ಚರ್ಚಿನ ಗೋಡೆಯ ಸುತ್ತ ಬೆಳ್ಳಿಯ ತಗಡುಗಳು, ಎರಡು ಸಾವಿರಕ್ಕೂ ಹೆಚ್ಚು. ಒಂದೊಂದರ ಮೇಲೂ ಒಂದು ಹಡಗು, ಬಿರುಗಾಳಿ, ಅಲೆ. ಬದುಕಿ ಬಂದವರ ಹರಕೆ ಅವು. ನಮ್ಮಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ನಾಗ ಒಪ್ಪಿಸುತ್ತೇವಲ್ಲ, ಅದೇ. ಹತ್ತಿರ ಹೋಗಿ ನೋಡಿದರೆ ಒಂದರಲ್ಲಿ ಪಟ ಹರಿದಿದೆ, ಇನ್ನೊಂದರಲ್ಲಿ ಹಡಗು ಅರ್ಧ ವಾಲಿದೆ.

ಒಂದು ಕಸೂತಿಯನ್ನೂ ತಪ್ಪದೆ ನೋಡಿ. ಪೆರಾಸ್ಟ್‌ನ ಯಾತ್ಸಿಂತಾ ಕುನಿಚ್ ಎಂಬಾಕೆ ಸಮುದ್ರಕ್ಕೆ ಹೋದವನ ದಾರಿ ಕಾಯುತ್ತಾ 25 ವರ್ಷ ಹೊಲಿದದ್ದು ಎನ್ನುತ್ತಾರೆ. ದೇವದೂತರ ಕೂದಲಿಗೆ ದಾರದ ಬದಲು ತನ್ನದೇ ಕೂದಲು ಬಳಸಿದ್ದಾಳೆ. ಮೊದಲು ಹೊಲಿದ ಕಡೆ ಕಂದು, ಕೊನೆಗೆ ಹೊಲಿದ ಕಡೆ ಬಿಳಿ. ಗೈಡ್ ಇದನ್ನು ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿರಬಹುದು. ಆದರೂ ಗಾಜಿಗೆ ಮೂಗು ತಾಗಿಸಿಕೊಂಡು ನಿಂತಿದ್ದ ನನ್ನ ಗೆಳೆಯ ಹೊರಗೆ ಬಂದ ಮೇಲೆ ಹತ್ತು ನಿಮಿಷ ಮಾತಾಡಲಿಲ್ಲ. ಅವನ ಮಟ್ಟಿಗೆ ಇದು ದಾಖಲೆ.

ದೋಣಿ ದಡದಲ್ಲೇ ಸಿಗುತ್ತದೆ, ಹೋಗಿ ಬರಲು ತಲಾ ಐದು ಯೂರೋ ಕೊಟ್ಟೆವು.

ಬುಡ್ವಾ, ಸ್ವೆಟಿ ಸ್ಟೆಫಾನ್ ಬಿಟ್ಟಿರಾ?

ಬಿಟ್ಟೆವು. ಬೀಚ್, ಪಾರ್ಟಿ ಬೇಕಿದ್ದರೆ ಬುಡ್ವಾ ಸರಿ. ಸ್ವೆಟಿ ಸ್ಟೆಫಾನ್ ಎಂಬ ಪುಟ್ಟ ದ್ವೀಪ ದಾರಿಯಿಂದಲೇ ಚೆನ್ನಾಗಿ ಕಾಣುತ್ತದೆ.

ಕಾರು ಬೇಕಾ, ಬಸ್ ಸಾಕಾ?

ಊರಿಂದ ಊರಿಗೆ ಬಸ್ ಸಾಕು. ಎರಡು ವಿಷಯ ಗೊತ್ತಿರಲಿ. ಬಸ್ ನಿಲ್ದಾಣದಲ್ಲಿ ಟಿಕೆಟ್ ತೆಗೆದುಕೊಂಡರೆ ಪ್ಲಾಟ್‌ಫಾರಂಗೆ ಹೋಗಲು ಬೇರೆ ಚಿಲ್ಲರೆ ಶುಲ್ಕ ಸೇರುತ್ತದೆ. ಡಿಕ್ಕಿಗೆ ಹಾಕುವ ಒಂದೊಂದು ಬ್ಯಾಗಿಗೂ ಬೇರೆ ದುಡ್ಡು, ಅದನ್ನು ಕೈಗೇ ನಾಣ್ಯದಲ್ಲಿ ಕೊಡಬೇಕು. ನಾನು 50ರ ನೋಟು ಚಾಚಿದೆ. ಆತ ನೋಟು ನೋಡಿದ, ನನ್ನನ್ನು ನೋಡಿದ, ಬ್ಯಾಗನ್ನು ಕೆಳಗಿಟ್ಟು ಮುಂದಿನವರ ಬ್ಯಾಗ್ ಎತ್ತಿಕೊಂಡ. ಬಿಎಂಟಿಸಿಯಲ್ಲಿ ಐನೂರರ ನೋಟು ಕೊಟ್ಟು ಬೈಸಿಕೊಂಡ ದಿನಗಳು ನೆನಪಾದವು. ಕೊನೆಗೆ ಹಿಂದೆ ನಿಂತಿದ್ದ ಒಬ್ಬ ಅಜ್ಜಿ ಪರ್ಸು ಬಿಚ್ಚಿ ಚಿಲ್ಲರೆ ಮಾಡಿಕೊಟ್ಟರು.

ಕಾರು ತೆಗೆದುಕೊಳ್ಳುವುದಾದರೆ ಬಲಗಡೆ ಓಡಿಸಬೇಕು, ಹಗಲಿನಲ್ಲೂ ಹೆಡ್‌ಲೈಟ್ ಹಾಕಿರಬೇಕು, ಅಂತಾರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಜೊತೆಗಿರಲಿ. ಲೊವ್ಚೆನ್ ಬೆಟ್ಟಕ್ಕೆ ನಾವು ಒಂದು ದಿನಕ್ಕೆ ಟ್ಯಾಕ್ಸಿ ಮಾಡಿಕೊಂಡೆವು. ಕೋಟರ್‌ನಿಂದ ಮೇಲೆ ಹೋಗುವ ಹಳೆಯ ರಸ್ತೆ ಆಸ್ಟ್ರಿಯಾದವರ ಕಾಲದ್ದು, 25 ಹೇರ್‌ಪಿನ್ ತಿರುವು. ಆಗುಂಬೆ ಘಾಟಿಯಲ್ಲಿ 14. ಅಲ್ಲಿ ಎದುರು ಬಂದ ಬಸ್ಸಿಗೆ ನಮ್ಮ ಚಾಲಕ ಹಿಮ್ಮುಖವಾಗಿ ಎರಡು ತಿರುವು ಇಳಿದು ದಾರಿ ಬಿಟ್ಟ, ಒಂದು ಕೈಯಲ್ಲಿ ಸಿಗರೇಟು.

ಹೆದರಿಕೆ ಇದ್ದವರಿಗೆ 2023ರಿಂದ ಕೇಬಲ್ ಕಾರ್ ಇದೆ.

ಲೊವ್ಚೆನ್ ಮೇಲೆ ಏನಿದೆ?

ಒಂದು ಸಮಾಧಿ. ನ್ಯೆಗೊಶ್ ಎಂಬಾತ ಈ ನಾಡಿನ ರಾಜನೂ ಹೌದು, ಬಿಷಪ್ಪನೂ ಹೌದು, ಅವರ ದೊಡ್ಡ ಕವಿಯೂ ಹೌದು. ತೀರಿಕೊಂಡದ್ದು 1851ರಲ್ಲಿ. ತಾನೇ ಬೆಟ್ಟದ ಮೇಲೆ ಕಟ್ಟಿಸಿದ್ದ ಚಿಕ್ಕ ಚರ್ಚಿನಲ್ಲಿ ಮಣ್ಣು ಮಾಡಿ ಎಂದು ಹೇಳಿದ್ದ. ಆ ಚರ್ಚು ಈಗ ಇಲ್ಲ. ಅದರ ಜಾಗದಲ್ಲಿ ಶಿಲ್ಪಿ ಇವಾನ್ ಮೆಶ್ಟ್ರೊವಿಚ್ ಯೋಜನೆಯ ದೊಡ್ಡ ಸ್ಮಾರಕ 1974ರಲ್ಲಿ ಎದ್ದಿತು. ಚರ್ಚು ಕೆಡವಿದ್ದು ಸರಿಯಾ ಎಂಬ ವಾದ ಇನ್ನೂ ನಿಂತಿಲ್ಲ. ಟ್ಯಾಕ್ಸಿಯವನಿಗೆ ಸರಿಯಲ್ಲ. ನಮಗೆ ಸ್ಮಾರಕ ಇಷ್ಟವಾಯಿತು, ಬಾಯಿ ಮುಚ್ಚಿಕೊಂಡೆವು.

ಎತ್ತರ 1,657 ಮೀಟರ್, 461 ಮೆಟ್ಟಿಲು, ಹೆಚ್ಚಿನವು ಬೆಟ್ಟದೊಳಗಿನ ಸುರಂಗದಲ್ಲಿ. ಬಾಗಿಲಲ್ಲಿ ಇಬ್ಬರು ಕಲ್ಲಿನ ಹೆಂಗಸರು ಮಾಡನ್ನು ತಲೆಯ ಮೇಲೆ ಹೊತ್ತಿದ್ದಾರೆ. ಹಿಂದುಗಡೆ ಒಂದು ವೃತ್ತಾಕಾರದ ಕಟ್ಟೆ. ಅಲ್ಲಿ ಗಾಳಿಗೆ ಟೋಪಿ ಹಾರುತ್ತದೆ, ನಂದು ಹಾರಿತು.

ಇಳಿಯುವಾಗ ಹಳೆಯ ರಾಜಧಾನಿ ತ್ಸೆಟಿನ್ಯೆ ನೋಡಿ. ಒಂದು ಹಳ್ಳಿಯಂಥ ಊರು, ಆದರೆ ಬೀದಿಗೊಂದು ಹಳೆಯ ರಾಯಭಾರ ಕಚೇರಿ: ರಷ್ಯಾದ್ದು, ಫ್ರಾನ್ಸಿನದ್ದು, ಬ್ರಿಟನ್ನಿನದ್ದು. ಇಲ್ಲಿನ ರಾಜ ನಿಕೊಲಾನನ್ನು 'ಯೂರೋಪಿನ ಮಾವ' ಎನ್ನುತ್ತಿದ್ದರು. ಹೆಣ್ಣುಮಕ್ಕಳನ್ನು ಅಷ್ಟು ದೊಡ್ಡ ಮನೆಗಳಿಗೆ ಕೊಟ್ಟಿದ್ದ. ಒಬ್ಬಳು ಇಟಲಿಯ ರಾಣಿ.

ಸಸ್ಯಾಹಾರಿಗಳಿಗೆ ಊಟ ಸಿಗುತ್ತದಾ?

ಸಿಗುತ್ತದೆ, ಆದರೆ ಕೇಳುವ ಮಾತು ಗೊತ್ತಿರಬೇಕು. 'ಬೆಜ್ ಮೆಸಾ' ಅಂದರೆ ಮಾಂಸ ಇಲ್ಲದೆ. ಇನ್ನೊಂದು ಪದ 'ಪೊಸ್ನೊ'. ಆರ್ಥೊಡಾಕ್ಸ್ ಕ್ರೈಸ್ತರು ಉಪವಾಸದ ದಿನ ತಿನ್ನುವ ಊಟ, ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಮೀನು ಮಾತ್ರ ಇರಬಹುದು, ಕೇಳಿಕೊಳ್ಳಿ.

ಬೆಳಿಗ್ಗೆ ಬೇಕರಿಯಲ್ಲಿ ಬುರೆಕ್ ಸಿಗುತ್ತದೆ, ತೆಳು ಪದರದ ಬಿಸಿ ತಿಂಡಿ. 'ಸಾ ಸಿರೊಮ್' ಅಂದರೆ ಚೀಸ್ ಹಾಕಿದ್ದು, 'ಸಾ ಮೆಸೊಮ್' ಅಂದರೆ ಮಾಂಸದ್ದು. ಹೊರಗಿನಿಂದ ಎರಡೂ ಒಂದೇ. ಗೆಳೆಯ ಮೊದಲ ದಿನ ಕೈ ತೋರಿಸಿ ತೆಗೆದುಕೊಂಡ, ಕಚ್ಚಿದ ಮೇಲೆ ಗೊತ್ತಾಯಿತು. ಕರಾವಳಿಯಲ್ಲಿ ಬ್ಲಿತ್ವಾ ಎಂಬ ಸೊಪ್ಪು-ಆಲೂಗಡ್ಡೆ ಪಲ್ಯ ಇರುತ್ತದೆ, ಬೆಳ್ಳುಳ್ಳಿ ಒಗ್ಗರಣೆಯ ವಾಸನೆಗೆ ಮನೆ ನೆನಪಾಗುತ್ತದೆ.

ಈಗ ಅಸಲಿ ವಿಷಯಕ್ಕೆ ಬರುತ್ತೇನೆ. ಝಾಬ್ಲ್ಯಾಕ್‌ನಲ್ಲಿ ನಾವಿದ್ದ ಮನೆಯ ಯಜಮಾನಿ ಎರಡನೇ ದಿನ ಕಚಾಮಾಕ್ ಮಾಡಿದರು. ಆಲೂಗಡ್ಡೆ ಬೇಯಿಸಿ, ಅದೇ ಪಾತ್ರೆಗೆ ಮೆಕ್ಕೆಜೋಳದ ಹಿಟ್ಟು ಸುರಿದು, ಮುಚ್ಚಿಟ್ಟು, ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ ಕಾಲಿನ ನಡುವೆ ಒತ್ತಿಹಿಡಿದು ಕೋಲಿನಿಂದ ಕುಟ್ಟತೊಡಗಿದರು. ನಾನು ಎದ್ದು ನಿಂತೆ. ಅದು ಮುದ್ದೆ ಕೋಲು! ನಮ್ಮಮ್ಮ ಕೂರುವುದೂ ಹಾಗೇ, ಗಂಟು ಒಡೆಯಲು ಕೋಲು ತಿರುಗಿಸುವುದೂ ಹಾಗೇ. ಕೈಸನ್ನೆಯಲ್ಲಿ ಕೇಳಿ ಕೋಲು ತೆಗೆದುಕೊಂಡು ಎರಡು ನಿಮಿಷ ತಿರುಗಿಸಿದೆ. ಆಕೆ ನಕ್ಕು ಏನೋ ಅಂದರು, ಬೈದರೋ ಹೊಗಳಿದರೋ ಗೊತ್ತಾಗಲಿಲ್ಲ. ಮೇಲೆ ಕೈಮಾಕ್ ಎಂಬ ಕೆನೆ ಹಾಕಿ, ಪಕ್ಕದಲ್ಲಿ ಒಂದು ಲೋಟ ತಣ್ಣನೆಯ ಹುಳಿ ಹಾಲು ಇಟ್ಟರು. ಹುಳಿ ಹಾಲು ಅಂದರೆ ಮೊಸರೇ, ಇನ್ನೇನಲ್ಲ. ಗೆಳೆಯ ಅನ್ನದ ಮನುಷ್ಯ, ಅರ್ಧಕ್ಕೇ ಕೈ ತೊಳೆದ. ಉಳಿದದ್ದು ನನ್ನದಾಯಿತು.

ಝಾಬ್ಲ್ಯಾಕ್‌ಗೆ ಅಷ್ಟು ದೂರ ಯಾಕೆ ಹೋಗಬೇಕು?

ಡುರ್ಮಿಟೊರ್ ಬೆಟ್ಟಸಾಲಿಗೆ. ಊರೇ 1,450 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ನಡೆದುಕೊಂಡೇ ಕಪ್ಪು ಸರೋವರಕ್ಕೆ ಹೋಗಬಹುದು. ನೀರಿನ ಸುತ್ತ ದಟ್ಟ ಪೈನ್ ಮರ, ಹಿಂದೆ ಬೋಳು ಬಂಡೆ. ಒಂದು ಸುತ್ತು ಹಾಕಲು ಒಂದೂವರೆ ಗಂಟೆ ಸಾಕು, ನಾವು ನಾಲ್ಕು ಗಂಟೆ ತೆಗೆದುಕೊಂಡೆವು.

ಪಕ್ಕದಲ್ಲಿ ತಾರಾ ನದಿಯ ಕಮರಿ, ಆಳದ ಕಡೆ 1,300 ಮೀಟರ್. ಅದರ ಮೇಲೆ ಐದು ಕಮಾನಿನ ಕಾಂಕ್ರೀಟ್ ಸೇತುವೆ, 1940ರಲ್ಲಿ ಮುಗಿದದ್ದು. ನೀರಿನಿಂದ 172 ಮೀಟರ್ ಮೇಲೆ. ಎರಡನೇ ಮಹಾಯುದ್ಧದಲ್ಲಿ ಇಟಲಿಯ ಸೈನ್ಯ ದಾಟದಂತೆ 1942ರಲ್ಲಿ ಪಾರ್ಟಿಸಾನರು ಎಂಬ ಇಲ್ಲಿನ ಗೆರಿಲ್ಲಾ ಹೋರಾಟಗಾರರು ಇದನ್ನು ಮುರಿದರು. ಎಲ್ಲಿ ಸಿಡಿಮದ್ದು ಇಡಬೇಕು ಎಂದು ತೋರಿಸಿದವನು ಲಾಜಾರ್ ಯೌಕೊವಿಚ್, ಅದೇ ಸೇತುವೆ ಕಟ್ಟಲು ದುಡಿದಿದ್ದ ಎಂಜಿನಿಯರ್. ಒಂದೇ ಕಮಾನು ಬೀಳಿಸಿದ, ಉಳಿದ ಸೇತುವೆಗೆ ಏನೂ ಆಗದ ಹಾಗೆ. ಇಟಲಿಯವರು ಅವನನ್ನು ಹಿಡಿದು ಅದೇ ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ಯುದ್ಧ ಮುಗಿದ ಮೇಲೆ 1946ರಲ್ಲಿ ಮತ್ತೆ ಕಟ್ಟಿದರು. ಒಂದು ತುದಿಯಲ್ಲಿ ಅವನ ಸ್ಮಾರಕ ಇದೆ. ಇನ್ನೊಂದು ಕಡೆ ಜಿಪ್‌ಲೈನ್‌ಗೆ ಕಿರುಚಾಡುತ್ತಾ ಸಾಲು ನಿಂತಿರುತ್ತಾರೆ. ನಾವಿಬ್ಬರೂ ಸಿವಿಲ್ ಓದಿದವರು, ಸ್ಮಾರಕದ ಕಡೆಯೇ ಹೆಚ್ಚು ಹೊತ್ತು ಇದ್ದೆವು.

ಮಳೆ ಬಂತಾ?

ಒಂದು ದಿನ ಸರಿಯಾಗಿ ಹೊಯ್ಯಿತು. ಕೋಟರ್ ಕೊಲ್ಲಿಯ ಮೇಲಿನ ತ್ಸ್ರ್ಕ್ವಿತ್ಸೆ ಎಂಬ ಹಳ್ಳಿಗೆ ಯೂರೋಪಿನಲ್ಲೇ ಹೆಚ್ಚು ಮಳೆ ಬೀಳುವ ಊರು ಎಂಬ ಹೆಸರು. ವರ್ಷಕ್ಕೆ ಸರಾಸರಿ 4,500 ಮಿ.ಮೀ.ಗಿಂತ ಜಾಸ್ತಿ. ಇದನ್ನು ಹೇಳಿದಾಗ ಗೆಳೆಯ ನಕ್ಕ. ಆಗುಂಬೆಯಲ್ಲಿ 7,000 ದಾಟುತ್ತದೆ. "ಅಷ್ಟಕ್ಕೆ ನಮ್ಮಲ್ಲಿ ಕೊಡೆ ಬಿಚ್ಚಲ್ಲ" ಎಂದ.

ಆದರೆ ಅವನಿಗೂ ಒಂದು ಅರ್ಥ ಆಗಲಿಲ್ಲ. ಅಷ್ಟು ಮಳೆ ಬಿದ್ದರೂ ಬೆಟ್ಟ ಯಾಕೆ ಇಷ್ಟು ಬೋಳು? ಕಾರಣ ಸುಣ್ಣದ ಕಲ್ಲು. ಬಿದ್ದ ನೀರೆಲ್ಲ ಬಿರುಕಿನಲ್ಲಿ ಇಳಿದು ನೆಲದೊಳಗೆ ಹರಿಯುತ್ತದೆ, ಮೇಲೆ ನಿಲ್ಲುವುದಿಲ್ಲ. ಅದಕ್ಕೇ ಹಳೆಯ ಮನೆಗಳಲ್ಲಿ ಮಳೆನೀರು ಹಿಡಿಯುವ ತೊಟ್ಟಿ ಇರುತ್ತಿತ್ತು. ದೇವರು ಭೂಮಿಯ ಮೇಲೆ ಕಲ್ಲು ಹಂಚುತ್ತಾ ಹೋಗುವಾಗ ಇಲ್ಲಿ ಚೀಲ ಹರಿಯಿತಂತೆ, ಅಲ್ಲಿನವರೇ ಹೇಳುವ ಕತೆ.

ದುಡ್ಡು ಯಾವುದು? ದುಬಾರಿಯಾ?

ಯೂರೋ. ವಿಚಿತ್ರ ಅಂದರೆ ಈ ದೇಶ ಯೂರೋಪಿಯನ್ ಒಕ್ಕೂಟದಲ್ಲಿಲ್ಲ. ಮೊದಲು ಜರ್ಮನ್ ಮಾರ್ಕ್ ಬಳಸುತ್ತಿದ್ದರು, 2002ರಲ್ಲಿ ಮಾರ್ಕ್ ಹೋಗಿ ಯೂರೋ ಬಂದಾಗ ಇವರೂ ಸುಮ್ನೆ ಬದಲಾಯಿಸಿಕೊಂಡರು. ಕೋಟರ್‌ನಲ್ಲಿ ಊಟ ಜರ್ಮನಿಯಷ್ಟೇ ದುಬಾರಿ, ಬೆಟ್ಟದ ಕಡೆ ಕಡಿಮೆ. ಎಟಿಎಂಗಳು ಶುಲ್ಕ ಹಿಡಿಯುತ್ತವೆ, ಒಂದೇ ಸಲ ತೆಗೆದಿಟ್ಟುಕೊಳ್ಳಿ.

ಪೊಲೀಸ್ ನೋಂದಣಿ ಅಂತ ಏನೋ ಇದೆಯಂತೆ?

ಇದೆ. ಬಂದ 24 ಗಂಟೆಯೊಳಗೆ ಎಲ್ಲಿ ಉಳಿದಿದ್ದೀರಿ ಎಂದು ನೋಂದಾಯಿಸಬೇಕು. ಹೋಟೆಲಿನವರು ತಾವೇ ಮಾಡುತ್ತಾರೆ, ದಿನಕ್ಕಿಷ್ಟು ಎಂದು ಪ್ರವಾಸಿ ತೆರಿಗೆಯೂ ಸೇರಿಸುತ್ತಾರೆ. ಬಾಡಿಗೆ ಮನೆಯಾದರೆ ಕೇಳಿ ಮಾಡಿಸಿಕೊಳ್ಳಿ. ನಮ್ಮ ಒಂದು ಮನೆಯವರು "ನಾಳೆ, ನಾಳೆ" ಎನ್ನುತ್ತಲೇ ಇದ್ದರು. ಮೂರನೇ ಸಲ ಪಾಸ್‌ಪೋರ್ಟ್ ಹಿಡಿದು ಬಾಗಿಲಲ್ಲಿ ನಿಂತ ಮೇಲೆ ಚೀಟಿ ಬಂತು.

ಭಾಷೆ ಕಷ್ಟ ಆಗಲಿಲ್ಲವಾ?

ಕರಾವಳಿಯಲ್ಲಿ ಇಂಗ್ಲಿಷ್ ನಡೆಯುತ್ತದೆ. 'ದೊಬಾರ್ ದಾನ್' ನಮಸ್ಕಾರಕ್ಕೆ, 'ಹ್ವಾಲಾ' ಥ್ಯಾಂಕ್ಸ್‌ಗೆ. ಜಾಸ್ತಿ ಕೇಳಿಸಿದ ಪದ 'ಪೊಲಾಕೊ', ನಿಧಾನ ಅಂತ. ಬಸ್ ಯಾವಾಗ ಎಂದರೂ ಪೊಲಾಕೊ, ಕಾಫಿ ಯಾವಾಗ ಎಂದರೂ ಪೊಲಾಕೊ. ನಾಲ್ಕನೇ ದಿನಕ್ಕೆ ನಾವೂ ಒಬ್ಬರಿಗೊಬ್ಬರು ಅದನ್ನೇ ಹೇಳಿಕೊಳ್ಳುತ್ತಿದ್ದೆವು.

ರೈಲು ಚೆನ್ನಾಗಿದೆಯಂತೆ, ಹೌದಾ?

ರೈಲು ಹಳೆಯದು, ದಾರಿ ಅದ್ಭುತ. ಸರ್ಬಿಯಾದ ಬೆಲ್‌ಗ್ರೇಡ್‌ನಿಂದ ಇಲ್ಲಿನ ಬಾರ್ ಬಂದರಿಗೆ 476 ಕಿ.ಮೀ., 1976ರಲ್ಲಿ ಶುರುವಾಯಿತು, 254 ಸುರಂಗ. ಪೂರ್ತಿ ಹೋಗಲು ಸಮಯ ಇಲ್ಲದಿದ್ದರೆ ಪೊಡ್ಗೊರಿಟ್ಸಾದಿಂದ ಕೊಲಾಶಿನ್‌ವರೆಗೆ ಹೋಗಿ ಬನ್ನಿ. ಒಂದೂವರೆ ಗಂಟೆ ಆಸುಪಾಸು. ಮಧ್ಯೆ ಮಾಲಾ ರಿಯೆಕಾ ಸೇತುವೆ, 198 ಮೀಟರ್ ಎತ್ತರ. ಸಕಲೇಶಪುರ-ಸುಬ್ರಹ್ಮಣ್ಯ ದಾರಿಯ ಹಾಗೇ ಸುರಂಗದಿಂದ ಹೊರಗೆ ಬಂದ ಕೂಡಲೇ ಕೆಳಗೆ ಏನೂ ಇಲ್ಲ. ಹಸಿರು ಮಾತ್ರ ಆ ಮಟ್ಟಕ್ಕಿಲ್ಲ.

ಇಬ್ಬರೂ ಜಗಳ ಆಡಲಿಲ್ಲವಾ?

ಆಡಿದೆವು, ಒಂದೇ ಸಲ, ಕೋಟೆಯ ಮೆಟ್ಟಿಲ ಮೇಲೆ. ನೀರಿನ ಬಾಟಲಿ ಯಾರು ತರಬೇಕಿತ್ತು ಎಂದು. ದುಡ್ಡಿನ ವಿಷಯದಲ್ಲಿ ಜಗಳ ಬರಲಿಲ್ಲ. ಮೊದಲ ದಿನವೇ ಇಬ್ಬರೂ ನೂರು ನೂರು ಯೂರೋ ಒಂದು ಕವರಿಗೆ ಹಾಕಿ ಊಟ, ಬಸ್ಸು ಎಲ್ಲ ಅದರಿಂದಲೇ ಕೊಟ್ಟೆವು. ಖಾಲಿಯಾದಾಗ ಮತ್ತೆ ನೂರು ನೂರು.

ಒಸ್ಟ್ರೊಗ್ ಮಠಕ್ಕೆ ಹೋಗಲಿಲ್ಲವಾ? ಅದೇ ಮುಖ್ಯ ಅಲ್ವಾ?

ಮುಖ್ಯವೇ. ಕಡಿದಾದ ಬಂಡೆಯೊಳಗೆ ಬಿಳಿ ಗೋಡೆ ಸಿಕ್ಕಿಸಿದ ಹಾಗಿರುವ ಮಠ, 17ನೇ ಶತಮಾನದಲ್ಲಿ ಸಂತ ವಾಸಿಲಿಯೆ ಕಟ್ಟಿದ್ದು. ಕೆಳಗಿನ ಮಠದಿಂದ ಮೇಲಿನದಕ್ಕೆ ಭಕ್ತರು ಬರಿಗಾಲಲ್ಲಿ ನಡೆದು ಹೋಗುತ್ತಾರೆ. ಬೇರೆ ಧರ್ಮದವರೂ ಬರುತ್ತಾರೆ. ಕೊನೆಯ ದಿನ ಬೆಳಗಿನ ಮೊದಲ ರೈಲಿಗೆ ಹೋಗುವುದು ಎಂದು ಮಾತಾಗಿತ್ತು, ಗೆಳೆಯ ಅಲಾರಂ ಇಟ್ಟಿದ್ದ. ಎದ್ದಾಗ ಎಂಟೂಮುಕ್ಕಾಲು. ಅವನ ಫೋನು ಇನ್ನೂ ಭಾರತದ ಸಮಯದಲ್ಲೇ ಇತ್ತು. ಐದಕ್ಕೆ ಅಂತ ಇಟ್ಟ ಅಲಾರಂ ನಾವು ಮಲಗುವ ಮೊದಲೇ, ಒಂದೂವರೆಗೆ, ಹೊಡೆದಿತ್ತು. ಯಾರದ್ದೋ ಕರೆ ಎಂದುಕೊಂಡು ಅವನೇ ಅದನ್ನು ಕಟ್ ಮಾಡಿದ್ದ.